ಮೇಲಿನಂತೆ

ಕರಾವಳಿ ತಪಾಸಣೆಯ ಕಚೇರಿಗೆ ಬೆಳಿಗ್ಗೆ ಹನ್ನೊಂದಕ್ಕೆ ಚಹಾ ಬರುತ್ತಿತ್ತು. ಕಿಟಕಿ ಪಕ್ಕದ ಮೇಜಿನ ತಪಾಸಕ ಅವತ್ತು ಆ ಚಹಾ ಆರುವುದರೊಳಗೆ ಒಂದು ವರ್ಷದ ಕೆಲಸ ಮುಗಿಸಿದ. ಉತ್ಪ್ರೇಕ್ಷೆಯಲ್ಲ, ನಿಜಕ್ಕೂ ಮುಗಿಸಿದ.

ತನ್ನ ಪಾಲಿನ ಕಡಲತೀರವನ್ನು ಆ ಕಚೇರಿ ಏಳು ಪಟ್ಟಿಗಳಾಗಿ ವಿಂಗಡಿಸಿಕೊಂಡಿತ್ತು. ಪ್ರತಿ ಪಟ್ಟಿಗೂ ಹೋಗಿ, ನೋಡಿ, ನಮೂನೆಯ ಒಂಬತ್ತು ಕಲಮು ತುಂಬಬೇಕು. ಗಿಡಬಳ್ಳಿ ಏನಿದೆ, ಹಕ್ಕಿಪಕ್ಷಿ ಏನಿದೆ, ಜಾಗವನ್ನು ಯಾರಾದರೂ ಬಳಸುತ್ತಾರೆಯೇ, ಹೀಗೆ. ಮೊದಲನೇ ಪಟ್ಟಿ ಹಳೇ ಬಂದರಿನ ಗೋದಾಮುಗಳ ಹಿಂದೆ, ಕಚೇರಿಯಿಂದ ಹತ್ತು ನಿಮಿಷದ ನಡಿಗೆ. ಅಲ್ಲಿಗೆ ಅವನು ಹೋಗುತ್ತಿದ್ದ. ಸಿಮೆಂಟು, ಎಣ್ಣೆ ಕಲೆ, ತುಕ್ಕು ಹಿಡಿದ ಲಂಗರು ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ. ಒಂಬತ್ತು ಕಲಮಿಗೂ ಪ್ರಾಮಾಣಿಕವಾಗಿ ‘ಇಲ್ಲ’ ಎಂದು ಬರೆಯುತ್ತಿದ್ದ. ಎರಡರಿಂದ ಏಳರವರೆಗಿನ ಪಟ್ಟಿಗಳಿಗೆ ಒಂದೇ ಮಾತು, ‘ಮೇಲಿನಂತೆ’. ಕೆಳಗೆ ‘ಸ್ಥಳಕ್ಕೆ ಖುದ್ದಾಗಿ ಭೇಟಿ ನೀಡಿ ಪರಿಶೀಲಿಸಿದ್ದೇನೆ’ ಎಂದು ಅಚ್ಚಾದ ಸಾಲು, ಅದರ ಕೆಳಗೆ ಸಹಿ.

ಈ ಪದ್ಧತಿ ಅವನು ಕಂಡುಹಿಡಿದದ್ದಲ್ಲ. ಅವನಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವನು ಹಾಗೇ ಮಾಡುತ್ತಿದ್ದ, ಕಲಿಸಿಯೂ ಹೋಗಿದ್ದ. ನಮ್ಮ ತಪಾಸಕ ಲಂಚ ಮುಟ್ಟಿದವನಲ್ಲ, ಕಚೇರಿಯ ಒಂದು ಗುಂಡುಪಿನ್ನನ್ನೂ ಮನೆಗೆ ಒಯ್ದವನಲ್ಲ. ಅಂಥವರ ಕೈಯಲ್ಲೇ ಇಂಥ ಕೆಲಸ ಸಲೀಸಾಗಿ ನಡೆಯುವುದು. ಅವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಅವರಿಗೇ ಬರುವುದಿಲ್ಲ.

ಅದಾಗಿ ಕೆಲವು ತಿಂಗಳಿಗೆ ಅವನ ಭಾವಮೈದುನ ಗಂಟುಬಿದ್ದ. ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಆತನಿಗೆ ರಜೆ ಸಿಕ್ಕರೆ ಟೆಂಟು ಹೊತ್ತು ತಿರುಗುವ ಹುಚ್ಚು.

“ಭಾವ, ಇಂಜಿನ್ನನ್ನೂ ಇಷ್ಟು ದಿನ ನಿಲ್ಲಿಸಿಟ್ರೆ ಜಾಮ್ ಆಗುತ್ತೆ. ಹೊಟ್ಟೆ ನೋಡ್ಕೊಳ್ಳಿ ಒಂದ್ಸಲ. ಮೂರೇ ದಿನ, ಬನ್ನಿ.”

“ಕರ್ಕೊಂಡು ಹೋಗೋ ಪುಣ್ಯಾತ್ಮ,” ಎಂದಳು ಹೆಂಡತಿ. “ಭಾನುವಾರ ಬಂತು ಅಂದ್ರೆ ಸೋಫಾ ಬಿಟ್ಟು ಏಳಲ್ಲ.”

ಎರಡು ಗಂಟೆ ವ್ಯಾನಿನಲ್ಲಿ, ಇನ್ನೊಂದು ಗಂಟೆ ಗುಡ್ಡ ಹತ್ತಿ ಇಳಿದು ಕಾಲ್ನಡಿಗೆ. ದಾರಿಯುದ್ದಕ್ಕೂ ಗೊಣಗುತ್ತಾ ಬಂದ ತಪಾಸಕ ಗುಡ್ಡದ ನೆತ್ತಿಯಲ್ಲಿ ಸುಮ್ಮನಾದ. ಕೆಳಗೆ ಮೈಲಿಯುದ್ದ ಕರಿಬಂಡೆಗಳು, ನಡುನಡುವೆ ಬೆಣಚುಕಲ್ಲಿನ ದಂಡೆ, ಅದಕ್ಕೆ ಬಂದು ಅಪ್ಪಳಿಸುವ ಕಡಲು. ಒಂದು ಕಂಬವಿಲ್ಲ, ಒಂದು ಗೋಡೆಯಿಲ್ಲ.

ಕಡಲಿನ ಇಳಿತದ ಹೊತ್ತಿಗೆ ಬಂಡೆಗಳ ಗುಂಡಿಯಲ್ಲಿ ನೀರು ಉಳಿಯುತ್ತಿತ್ತು. ಅವನು ಪ್ಯಾಂಟು ಮಡಚಿ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತರೆ ಏಳುತ್ತಲೇ ಇರಲಿಲ್ಲ. ಉಗುರಿನಷ್ಟು ಏಡಿಗಳು, ಬೆರಳು ತಾಗಿದರೆ ಮುದುಡಿಕೊಳ್ಳುವ ಕೆಂಪು ಜೀವ, ಕಲ್ಲಿನ ಬಣ್ಣಕ್ಕೇ ತಿರುಗುವ ಮೀನು. ಐವತ್ತಾರು ವರ್ಷದ ಮನುಷ್ಯ “ಬಾರೋ ಇಲ್ಲಿ, ಬೇಗ ಬಾರೋ” ಎಂದು ಕೂಗುತ್ತಿದ್ದ. ಅವನಿಗೆ ಆ ತೀರದ ಮೇಲೆ ಮನಸ್ಸಾಯಿತು. ಹರೆಯದಲ್ಲಿ ಆಗುತ್ತದಲ್ಲ, ಹಾಗೇ ಆಯಿತು.

“ರಿಟೈರ್ ಆದ್ಮೇಲೆ ಇಲ್ಲೇ ಬಂದು ಇರ್ತೀನಿ ಕಣೋ,” ಎಂದ.

“ಅಕ್ಕಂಗೆ ಹೇಳ್ಲಾ? ಭಾವ ಇಲ್ಲಿ ಇನ್ನೊಂದು ಸಂಸಾರ ಹೂಡ್ತಾರಂತೆ ಅಂತ.”

ಎರಡನೇ ದಿನ ಬೆಳಿಗ್ಗೆ ದಂಡೆಯ ಮೇಲೆ ನಡೆಯುತ್ತಿದ್ದಾಗ ಹಿಂದಿನಿಂದ ಯಾರೋ ಕಿರುಚಿದರು.

“ನಿಲ್ಲಿ! ಕಾಲು ಇಡಬೇಡಿ!”

ತಪಾಸಕ ಎತ್ತಿದ ಕಾಲನ್ನು ಹಾಗೇ ಹಿಡಿದು ನೋಡಿದ. ಪಾದದ ಕೆಳಗೆ ಮೂರು ಬೆಣಚುಕಲ್ಲು. ಕಲ್ಲಲ್ಲ, ಮೊಟ್ಟೆ. ಗೂಡಿಲ್ಲ, ಕಡ್ಡಿಯಿಲ್ಲ, ಬರೀ ಕಲ್ಲಿನ ಮೇಲೆ ಚುಕ್ಕೆಚುಕ್ಕೆಯ ಮೊಟ್ಟೆ. ಸುತ್ತ ನೋಡಿದರೆ ದಂಡೆ ತುಂಬಾ ಅವೇ.

ಕೂಗಿದವಳು ಬುಟ್ಟಿ ಹಿಡಿದ ಹೆಂಗಸು, ಅವನದೇ ವಯಸ್ಸು. ಬಂಡೆಗಳಿಂದ ಚಿಪ್ಪುಮೀನು ಕಿತ್ತು ಪೇಟೆಗೆ ಒಯ್ಯುವುದು ಅವಳ ಕಸುಬು. ಟೆಂಟಿನ ಮುಂದೆ ಕೂತು ಮೂವರೂ ಚಹಾ ಕುಡಿದರು.

“ಮರಿ ಆಗೋಕೆ ಇನ್ನೂ ಮೂರು ವಾರ ಬೇಕು,” ಎಂದಳು ಚಿಪ್ಪಿನವಳು. “ಅಷ್ಟರೊಳಗೆ ಲಾರಿ ಬರದಿದ್ರೆ ಸಾಕಪ್ಪಾ. ಇಲ್ಲಿ ಕಲ್ಲಿದ್ದಲು ಇಳಿಸೋ ಕಟ್ಟೆ ಕಟ್ತಾರಂತೆ.”

“ಇಲ್ಲೇನಾ? ಇಂಥ ಜಾಗದಲ್ಲಾ?” ಭಾವಮೈದುನನಿಗೆ ಸಿಟ್ಟು ಬಂತು.

“ಯಾರೋ ಆಫೀಸರು ಬಂದು ನೋಡಿ, ಇಲ್ಲೇನೂ ಇಲ್ಲ ಅಂತ ಬರ್ಕೊಂಡು ಹೋದರಂತೆ. ಮೂವತ್ತೊಂದು ವರ್ಷದಿಂದ ದಿನಾ ಇಲ್ಲೇ ಇದೀನಿ. ಯಾವಾಗ ಬಂದ್ನೋ ಪುಣ್ಯಾತ್ಮ, ನನ್ನ ಕಣ್ಣಿಗಂತೂ ಬೀಳ್ಲಿಲ್ಲ.” ಅವಳು ಗುಡ್ಡದ ಬುಡಕ್ಕೆ ಕೈ ತೋರಿಸಿದಳು. “ಅಗೋ, ಗುರುತಿನ ಕಲ್ಲೂ ನೆಟ್ಟಿದ್ದಾರೆ.”

ತಪಾಸಕ ಎದ್ದು ಹೋಗಿ ನೋಡಿದ. ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಏಳು ಎಂದಿತ್ತು. ಅವನು ‘ಮೇಲಿನಂತೆ’ ಎಂದು ಬರೆದಿದ್ದ ಏಳನೇ ಪಟ್ಟಿ. ಬಾಯಿಬಿಟ್ಟು ಹೇಳಲು ಅದೇ ಹೊತ್ತಾಗಿತ್ತು. ಅವನು ವಾಪಸು ಬಂದು, ಲೋಟದ ತಳದಲ್ಲಿದ್ದ ಚಹಾ ಕುಡಿದು, “ಹೌದು, ಕಲ್ಲು ಇದೆ” ಎಂದ. ಅಷ್ಟೇ ಎಂದ, ಮಹಾಶಯ.

ಸೋಮವಾರ ಮೇಲಧಿಕಾರಿಯ ಕೋಣೆಗೆ ಹೋದ. ಏಳನೇ ಪಟ್ಟಿಯನ್ನು ತಾನು ನೋಡಿರಲಿಲ್ಲ, ಈಗ ನೋಡಿದ್ದೇನೆ, ವರದಿ ತಿದ್ದಬೇಕು ಎಂದ. ಮೇಲಧಿಕಾರಿ ಕೆಟ್ಟವನೇನಲ್ಲ. ಬಾಗಿಲು ಹಾಕಿ ಕೂರಿಸಿದ.

“ನೋಡಿ, ನಾನೂ ನಿಮ್ಮ ಕುರ್ಚಿಯಲ್ಲಿ ಕೂತು ಬಂದವನೇ. ಇರೋದು ಒಂದು ಜೀಪು, ಅದೂ ಕೆಟ್ಟು ನಿಂತಿದೆ. ಏಳು ಪಟ್ಟಿ ಸುತ್ತೋಕೆ ನಮ್ಮಿಂದಾಗುತ್ತಾ? ಆ ಕಟ್ಟೆ ಬಂದ್ರೆ ನಾನೂರು ಮನೆಗೆ ಕೆಲಸ. ಅವರ ಮುಂದೆ ಹೋಗಿ ಹಕ್ಕಿ ಮೊಟ್ಟೆ ಇದೆ ಅಂತ ಹೇಳ್ತೀರಾ? ಜೊತೆಗೆ, ನೋಡದೇ ಸಹಿ ಹಾಕಿದೆ ಅಂತ ನೀವೇ ಬರೆದುಕೊಟ್ರೆ ನಿಮ್ಮ ಗತಿ ಏನು? ಇನ್ನು ಎರಡು ವರ್ಷ ಸರ್ವೀಸು.”

ಮನೆಯಲ್ಲಿ ಹೆಂಡತಿಯೂ ಲೆಕ್ಕ ಹಾಕಿದ್ದು ಆ ಎರಡು ವರ್ಷವನ್ನೇ. “ನಿಮ್ಮೊಬ್ಬರ ಸಹಿಯಿಂದಾನಾ ಕಟ್ಟೆ ಬಂದಿದ್ದು? ಪೆನ್ಷನ್ ಹೋದ್ರೆ ಆ ಹಕ್ಕಿಗಳು ಬಂದು ಅನ್ನ ಹಾಕ್ತಾವಾ?” ಎಂದಳು. ಅವಳ ಭಯ ಸುಳ್ಳಲ್ಲ. ಅವನು ಬಾಯಿಗೆ ಬೀಗ ಹಾಕಿಕೊಂಡ. ಒಂದು ದಿನ, ನಾಲ್ಕು ದಿನ, ಹದಿನಾರು ದಿನ. ಪ್ರತಿದಿನ ಹನ್ನೊಂದಕ್ಕೆ ಚಹಾ ಬಂತು, ಕುಡಿದ.

ಹದಿನಾರನೆಯ ದಿನ ರಾತ್ರಿ ಊಟದ ಹೊತ್ತಿಗೆ ಭಾವಮೈದುನ ಮನೆಗೆ ಬಂದ. ಕೆಟ್ಟು ನಿಂತ ಬಸ್ಸೊಂದನ್ನು ರಿಪೇರಿ ಮಾಡಲು ಆ ಕಡೆ ಹೋಗಿದ್ದನಂತೆ. ತಟ್ಟೆಗೆ ಕೈ ಹಾಕಿದವನು ತುತ್ತೆತ್ತಲಿಲ್ಲ.

“ಲಾರಿಗಳು ಬಂದುಬಿಟ್ಟಿವೆ ಭಾವ. ಗುಡ್ಡದ ಆಚೆಯಿಂದ ರಸ್ತೆ ಕೊರೆದು, ಕಲ್ಲು ತಂದು ಸುರೀತಿದ್ದಾರೆ. ಅರ್ಧ ದಂಡೆ ಮುಚ್ಚಿಹೋಯ್ತು. ಆ ಹಕ್ಕಿಗಳು ಹೋಗ್ತಾನೇ ಇಲ್ಲ, ಕಲ್ಲಿನ ರಾಶಿ ಮೇಲೇ ಸುತ್ತಾಡ್ತಿವೆ. ಚಿಪ್ಪಿನಮ್ಮ ಲಾರಿ ಮುಂದೆ ನಿಂತು ಬೇಡ್ಕೋತಿದ್ರು, ಇನ್ನು ನಾಲ್ಕೈದು ದಿನ ಬಿಡ್ರೋ ಅಂತ. ಡ್ರೈವರ್ರು ಅವರನ್ನ ಎಳೆದು ಪಕ್ಕಕ್ಕೆ ಕೂರಿಸಿದ್ರು.” ಅವನು ತಟ್ಟೆ ಪಕ್ಕಕ್ಕೆ ತಳ್ಳಿದ. “ಏನೂ ಇಲ್ಲ ಅಂತ ಬರೆದನಲ್ಲ, ಅವನ ಮನೆ ಹಾಳಾಗ! ನಿಮ್ಮ ಆಫೀಸಿನವನೇ ಇರಬೇಕು ಭಾವ. ಯಾರಂತ ವಿಚಾರಿಸಿ, ನಾನೇ ಹೋಗಿ ಕೇಳ್ತೀನಿ.”

ಅಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ನಿಂತಿತು. ಅವಳು ಗಂಡನ ಕಡೆ ನೋಡಲಿಲ್ಲ.

“ನಾನೇ,” ಎಂದ ತಪಾಸಕ.

“ಏನು?”

“ಬರೆದವನು ನಾನೇ ಕಣೋ. ಅವತ್ತು ಕಲ್ಲು ನೋಡಿದಾಗ್ಲೇ ಗೊತ್ತಾಯ್ತು.”

ಭಾವಮೈದುನ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

“ಆಮೇಲೂ ಒಂದು ರಾತ್ರಿ ಒಂದೇ ಟೆಂಟಲ್ಲಿ ಮಲಗಿದ್ವಿ. ಬೆಳಿಗ್ಗೆ ಇಬ್ರೂ ನಗ್ತಾ ವಾಪಸ್ ಬಂದ್ವಿ,” ಎಂದ. ಕೈ ತೊಳೆದು, ಅಕ್ಕನಿಗೂ ಹೇಳದೆ ಹೊರಟುಹೋದ.

ಮರುದಿನ ತಪಾಸಕ ಹೇಳಿಕೆ ಬರೆದ. ಹನ್ನೊಂದು ವರ್ಷದಲ್ಲಿ ತಾನು ಎರಡರಿಂದ ಏಳರವರೆಗಿನ ಯಾವ ಪಟ್ಟಿಗೂ ಒಮ್ಮೆಯೂ ಹೋಗಿಲ್ಲ, ಹೋಗಿದ್ದೇನೆಂದು ಸಹಿ ಹಾಕಿದ್ದು ಸುಳ್ಳು ಎಂದು ಬರೆದ. ಒಂದು ಪ್ರತಿಯನ್ನು ಮೇಲಧಿಕಾರಿಗೆ ಕೊಟ್ಟ, ಇನ್ನೊಂದನ್ನು ಕಟ್ಟೆಗೆ ಅನುಮತಿ ಕೊಟ್ಟ ಮಂಡಳಿಗೆ ತಾನೇ ಒಯ್ದು ಮುಟ್ಟಿಸಿ ಬಂದ.

“ನಿಮ್ಮ ಜೊತೆಗೆ ನಮ್ಮನ್ನೂ ಬೀದಿಗೆ ತಂದ್ರಲ್ರೀ,” ಎಂದ ಮೇಲಧಿಕಾರಿ. ಆ ಮಾತಿನಲ್ಲೂ ಸುಳ್ಳಿರಲಿಲ್ಲ.

ವಾರದೊಳಗೆ ಅವನನ್ನು ಅಮಾನತು ಮಾಡಿದರು. ಮರುತಪಾಸಣೆಯಾಗುವವರೆಗೆ ಏಳನೇ ಪಟ್ಟಿಯ ಕೆಲಸ ನಿಲ್ಲಿಸಬೇಕೆಂದು ಆದೇಶವಾಯಿತು. ನಿಲ್ಲಿಸುವ ಹೊತ್ತಿಗೆ ಬೆಣಚುಕಲ್ಲಿನ ದಂಡೆ ಪೂರ್ತಿ ಮುಚ್ಚಿಹೋಗಿತ್ತು. ಉಳಿದದ್ದು ಒಂದು ತುದಿಯ ಬಂಡೆಗಳು ಮಾತ್ರ. ಹೆಂಡತಿ ಅವನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಭಾವಮೈದುನ ಫೋನು ಎತ್ತುತ್ತಿರಲಿಲ್ಲ.

ಆದೇಶ ಬಂದ ಮರುದಿನ ಅವನು ಒಬ್ಬನೇ ಬಸ್ಸು ಹಿಡಿದು ಹೋದ. ಬೆವರು ಸುರಿಸುತ್ತಾ ಗುಡ್ಡ ಇಳಿದ. ಚಿಪ್ಪಿನವಳು ಬಂಡೆಯ ಮೇಲೆ ಕೂತು ಚಾಕು ಮಸೆಯುತ್ತಿದ್ದಳು.

“ಬನ್ನಿ, ಬನ್ನಿ. ನೋಡಿದ್ರಾ ಹೆಂಗ್ ಮಾಡಿಟ್ಟಿದ್ದಾರೆ?” ಎಂದಳು. “ಯಾರೋ ಕಾಗದ ಹಾಕಿದರಂತೆ, ಕೆಲಸ ನಿಂತಿದೆ. ಯಾರೋ ದೇವರಂಥವರು.”

“ಆ ಕಾಗದ ಹಾಕಿದ್ದು ನಾನು,” ಎಂದ. ಅವಳ ಮುಖ ಅರಳುವುದನ್ನು ನೋಡಲಾರದೆ ಗಡಿಬಿಡಿಯಲ್ಲಿ ಮುಂದಿನದನ್ನೂ ಹೇಳಿದ. “ಇಲ್ಲೇನೂ ಇಲ್ಲ ಅಂತ ಬರೆದವನೂ ನಾನೇ. ಬಂದು ನೋಡಿರ್ಲಿಲ್ಲ. ಹನ್ನೊಂದು ವರ್ಷ ಆಫೀಸಲ್ಲಿ ಕೂತೇ ಬರೆದೆ.”

ಚಾಕು ಮಸೆಯುವುದು ನಿಂತಿತು.

“ಅವತ್ತು ನನ್ನ ಜೊತೆ ಚಹಾ ಕುಡಿದ್ಯಲ್ಲ, ಆವಾಗ ಗೊತ್ತಿತ್ತಾ?”

“ಗೊತ್ತಾಯ್ತು.”

“ಮೂರು ವಾರ ಬೇಕು ಅಂತ ಹೇಳಿದ್ದೆ.”

“ಹೇಳಿದ್ರಿ.”

“ಆವಾಗ್ಲೇ ಕಾಗದ ಹಾಕಿದ್ರೆ?”

ಉತ್ತರ ಇಬ್ಬರಿಗೂ ಗೊತ್ತಿತ್ತು, ಎದುರಿಗೇ ಗುಡ್ಡೆ ಬಿದ್ದಿತ್ತು.

“ತಪ್ಪಾಯ್ತು ಅಂತ ಹೇಳೋಕೆ ಬಂದೆ,” ಎಂದ ತಪಾಸಕ.

“ಹೇಳ್ಬೇಡ. ನನಗೆ ಅದು ಬೇಡ.” ಅವಳು ಬುಟ್ಟಿ ಸೊಂಟಕ್ಕೇರಿಸಿಕೊಂಡು ಎದ್ದಳು. “ಚಪ್ಪಲಿ ಬಿಚ್ಚು. ಉಳಿದಿರೋದಾದ್ರೂ ಏನಿದೆ ಅಂತ ತೋರಿಸ್ತೀನಿ, ಬಾ. ನಾಳೆ ಇನ್ನೊಬ್ಬ ತಪಾಸಕ ಬರ್ತಾನೋ ಇಲ್ಲವೋ, ನಿನ್ನ ಕಣ್ಣಾದ್ರೂ ನೋಡಿರ್ಲಿ.”

ಅವಳು ಒಂದೊಂದೇ ಗುಂಡಿಯ ಮುಂದೆ ನಿಲ್ಲಿಸಿ, ಒಂದೊಂದೇ ಜೀವದ ಹೆಸರು ಹೇಳಿದಳು, ಅವನಿಂದ ಹೇಳಿಸಿದಳು. ತಪ್ಪಿದರೆ ಮತ್ತೆ ಹೇಳಿಸಿದಳು. ಬಿಸಿಲು ನೆತ್ತಿಗೆ ಬಂತು. ಚಿಪ್ಪಿನ ಅಂಚು ತಾಗಿ ಅವನ ಅಂಗಾಲಲ್ಲಿ ರಕ್ತ ಬಂತು. ಬಂಡೆ ಹಿಡಿದು, “ಸ್ವಲ್ಪ ಕೂರ್ತೀನಿ ತಾಯಿ” ಎಂದ.

ಚಿಪ್ಪಿನವಳು ತಿರುಗಿ ನೋಡಿದಳು.

“ಹನ್ನೊಂದು ವರ್ಷ ಕೂತಿದ್ದೆಯಲ್ಲ,” ಎಂದಳು. “ನಡಿ.”

ಅವನು ನಡೆದ.