ಮೂವತ್ತು ಬೆಲ್ಟುಗಳು

ಶವಪೆಟ್ಟಿಗೆಯ ತಲೆಯ ಕಡೆಯಿದ್ದ ಮೇಜಿನಿಂದ ಹೂವಿನ ಹಾರಗಳನ್ನೆಲ್ಲ ಒಂದೇ ಸಲಕ್ಕೆ ಬಾಚಿ ಎತ್ತಿ ನೆಲಕ್ಕಿಟ್ಟು, ರೋಸಿಲಿ ಆ ಜಾಗದಲ್ಲಿ ಹಳೆಯ ಸ್ಪೂಲ್ ಟೇಪ್ ಯಂತ್ರವನ್ನು ಕೂರಿಸಿದಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

"ಏನೇ ಇದು? ಪಾದ್ರಿ ಬರೋ ಹೊತ್ತಾಯ್ತು," ಎಂದಳು ಕೊಚ್ಚೇಲಿ ಅತ್ತೆ. ಸತ್ತ ಪೊರಿಂಜುವಿನ, ಅಂದರೆ ರೋಸಿಲಿಯ ತಂದೆಯ, ತಂಗಿ; ಬೆಳಗಿನಿಂದ ಜಪ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದಳು.

"ಅಮ್ಮನ ಹಾಡು ಹಾಕ್ತೀನಿ. ಅಪ್ಪಚ್ಚನ್ ಕೇಳಿಸಿಕೊಂಡೇ ಹೋಗ್ಲಿ."

"ಅದು ಕೆಟ್ಟು ಎಷ್ಟು ಕಾಲವಾಯ್ತು!"

"ಕೆಟ್ಟಿಲ್ಲ. ಬೆಲ್ಟ್ ಇಲ್ಲ ಅಷ್ಟೆ. ದೇವಸ್ಸಿ ಚೇಟ್ಟಾ, ಬನ್ನಿ, ಹಾಕಿಕೊಡಿ."

ಪೊರಿಂಜುವಿನ ಸ್ಟೀರಿಯೋ ರಿಪೇರಿ ಅಂಗಡಿಯಲ್ಲಿ ನಲವತ್ತು ವರ್ಷ ಎದುರುಬದುರು ಕೂತು ಕೆಲಸ ಮಾಡಿದ, ಅವಳು ಚೇಟ್ಟಾ ಅಂದರೆ ಅಣ್ಣಾ ಎಂದೇ ಕರೆಯುತ್ತಿದ್ದ ದೇವಸ್ಸಿ ಗೋಡೆಗೊರಗಿದವನು ಏಳಲೇ ಇಲ್ಲ. "ಇವತ್ತು ಬೇಡ ಮಗಳೇ. ಮಣ್ಣಾಗಲಿ, ಆಮೇಲೆ ನೋಡೋಣ."

"ಮೂವತ್ತು ವರ್ಷ ಆಮೇಲೆ ಆಮೇಲೆ ಅಂತ ಕೇಳಿದ್ದೀನಿ. ಏಳಿ."

ಜನ ಅವನನ್ನೇ ನೋಡುತ್ತಿದ್ದರು. ದೇವಸ್ಸಿ ಎದ್ದ.

*

ರೋಸಿಲಿಗೆ ಮೂರು ವರ್ಷವಿದ್ದಾಗ ತಾಯಿ ತ್ರೇಸ್ಯ ತೀರಿಕೊಂಡಿದ್ದಳು. ಇಗರ್ಜಿಯ ಗಾನವೃಂದದಲ್ಲಿ ಹಾಡುತ್ತಿದ್ದವಳು. ಬಹರೇನಿನಿಂದ ಬಂದ ಆ ಯಂತ್ರದ ಸ್ಪೂಲಿನಲ್ಲಿ ಅವಳು ಹಾಡಿದ್ದ ಒಂದು ಹಾಡು ಉಳಿದಿತ್ತು. ಪ್ರತಿವರ್ಷ ತಾಯಿಯ ತಿಥಿಯಂದು ಊಟವಾದ ಮೇಲೆ ಪೊರಿಂಜು ಕೈ ತೊಳೆದುಕೊಂಡು ಬಂದು ಅದನ್ನು ಹಾಕುತ್ತಿದ್ದ. ಮೂರನೆಯ ಸಾಲಿನಲ್ಲಿ ತ್ರೇಸ್ಯ ಪದ ಮರೆತು ನಗುತ್ತಾಳೆ. ಆ ನಗುವಿಗಾಗಿ ರೋಸಿಲಿ ಇಡೀ ವರ್ಷ ಕಾಯುತ್ತಿದ್ದಳು.

ಹನ್ನೆರಡನೆಯ ವರ್ಷದ ತಿಥಿಗೆ ಯಂತ್ರ ತಿರುಗಲಿಲ್ಲ. "ಬೆಲ್ಟ್ ಹೋಗಿದೆ. ಜರ್ಮನಿಯಿಂದ ಬರಬೇಕು," ಎಂದ ಪೊರಿಂಜು.

ಬರಲೇ ಇಲ್ಲ. ತ್ರಿಶ್ಶೂರಿನ ವೈದ್ಯರು, ವಕೀಲರು, ಗಲ್ಫಿನಿಂದ ಮರಳಿದವರು ಎಲ್ಲರೂ ಕೆಟ್ಟ ಸ್ಟೀರಿಯೋ ಹೊತ್ತು ತರುತ್ತಿದ್ದರು, ನಗುತ್ತ ಹೊತ್ತೊಯ್ಯುತ್ತಿದ್ದರು. ಮನೆಯದು ಮಾತ್ರ ಮೂಲೆ ಹಿಡಿದಿತ್ತು. ಮದುವೆಯ ದಿನ ಅಮ್ಮನ ಸ್ವರ ಕೇಳಿಸಿಕೊಂಡು ಹೊಸಿಲು ದಾಟಬೇಕೆಂದು ಅವಳು ಗೋಗರೆದಳು.

"ಬೆಲ್ಟ್ ಬಂದಿಲ್ಲ."

"ಊರಿನವರ ಮನೆಗೆಲ್ಲ ಬರುತ್ತೆ, ನಮಗೆ ಮಾತ್ರ ಬರಲ್ಲ ಅಲ್ವಾ?"

ಅವನು ಬೆಸುಗೆ ಕಡ್ಡಿಯಿಂದ ಕಣ್ಣೆತ್ತಲಿಲ್ಲ. ರೋಸಿಲಿ ಒಂದು ವರ್ಷ ತವರಿಗೆ ಕಾಲಿಡಲಿಲ್ಲ. ಅಷ್ಟರಲ್ಲಿ ಹಾಡಿನ ಪದಗಳು ಮಾತ್ರ ನೆನಪಿನಲ್ಲಿ ಉಳಿದವು, ತಾಯಿಯ ಸ್ವರ ಜಾರಿಹೋಯಿತು. ಅದಕ್ಕೆ ಅವಳು ತಂದೆಯನ್ನು ಕ್ಷಮಿಸಲಿಲ್ಲ.

ಇವತ್ತು ಬೆಳಿಗ್ಗೆ ಹೆಣದ ಕೈಗೆ ಸುತ್ತಲು ಜಪಮಾಲೆ ಹುಡುಕುತ್ತ ಅವಳು ತಂದೆಯ ಮೇಜಿನ ಕೆಳಗಿನ ಖಾನೆ ಎಳೆದಾಗ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ಒಳಗೆ ರಬ್ಬರ್ ಬೆಲ್ಟುಗಳು. ತಳದವು ಕರಗಿ ಡಾಂಬರಿನಂತೆ ಒಂದಕ್ಕೊಂದು ಅಂಟಿಕೊಂಡಿದ್ದವು, ಮೇಲಿನದು ಹೊಚ್ಚಹೊಸದು. ಎಲ್ಲವೂ ಒಂದೇ ಅಳತೆ, ಮನೆಯ ಯಂತ್ರದ್ದೇ.

*

ಬೆಲ್ಟ್ ಕೂರಿಸಲು ದೇವಸ್ಸಿಗೆ ಐದು ನಿಮಿಷ ಸಾಕಾಯಿತು. ಪೆಟ್ಟಿಗೆಯ ಎಡಕ್ಕೊಂದು, ಬಲಕ್ಕೊಂದು ಸ್ಪೀಕರ್ ಇಟ್ಟ. ಗುಂಡಿ ಒತ್ತುವ ಮುಂಚೆ ಅವಳ ಮುಖ ನೋಡಿದ. ರೋಸಿಲಿ ತಾನೇ ಒತ್ತಿದಳು.

ಸ್ಪೂಲ್ ತಿರುಗಿತು. ಮೊದಲು ಉದ್ದಕ್ಕೆ ಎಳೆದ ಒಂದೇ ಸಮನಾದ ಶಿಳ್ಳೆ. ಆಮೇಲೆ ಎಡಗಡೆಯಿಂದ ಒಂದು ಗಂಡುದನಿ:

"ಎಡ... ಎಡ... ಒಂದು, ಎರಡು, ಮೂರು."

ಆಮೇಲೆ ಬಲಗಡೆಯಿಂದ: "ಬಲ... ಬಲ... ದೇವಸ್ಸೀ, ಕೇಳ್ತಾ ಇದೆಯೇನೋ?"

"ಗಂಟೆ ಹೊಡೆದ ಹಾಗಿದೆ ಚೇಟ್ಟಾ!" ಎಂದಿತು ಎಳೆಯ ದೇವಸ್ಸಿಯ ದನಿ.

ಮನೆ ತುಂಬ ಒಮ್ಮೆಲೇ ಅಳು ಎದ್ದಿತು. "ಅಯ್ಯೋ, ನನ್ನ ಅಣ್ಣನ ಸ್ವರ!" ಎಂದು ಕೊಚ್ಚೇಲಿ ಎದೆ ಹಿಡಿದುಕೊಂಡಳು. "ಜೀವ ಇದ್ದ ಹಾಗೇ ಮಾತಾಡ್ತಿದ್ದಾನಲ್ಲ! ಇನ್ನೊಂದ್ಸಲ ಹಾಕೋ ದೇವಸ್ಸಿ." ಅಂಗಳದಲ್ಲಿದ್ದವರೂ ಕಿಟಕಿಗೆ ಮುಗಿಬಿದ್ದರು.

ರೋಸಿಲಿ ಸ್ಪೂಲನ್ನು ಮುಂದೋಡಿಸಿದಳು. ಶಿಳ್ಳೆ. ಇನ್ನೂ ಮುಂದೋಡಿಸಿದಳು. ಎಡ, ಬಲ. ಕೊನೆಯವರೆಗೂ ಅಷ್ಟೇ.

"ಅಮ್ಮ ಎಲ್ಲಿ?" ಎಂದು ಕೇಳಿದಳು, ದೇವಸ್ಸಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

"ಡಾಕ್ಟರೊಬ್ಬರ ಯಂತ್ರ ಪರೀಕ್ಷೆ ಮಾಡೋದಿತ್ತು. ಖಾಲಿ ಸ್ಪೂಲ್ ಕೊಡೋ ಅಂದ ನಿನ್ನಪ್ಪ. ಕಪಾಟಿನಿಂದ ತೆಗೆದುಕೊಟ್ಟವನು ನಾನು. ನೋಡ್ಲಿಲ್ಲ ಮಗಳೇ. ಅವನೂ ನೋಡದೆ ನಿಮ್ಮಮ್ಮನ ಹಾಡಿನ ಮೇಲೇ ರೆಕಾರ್ಡ್ ಮಾಡಿಬಿಟ್ಟ." ಮುದುಕ ಸ್ಪೂಲನ್ನು ಹಿಂದಕ್ಕೆ ಸುತ್ತತೊಡಗಿದ. "ಅವತ್ತೇ ಮನೆಯ ಯಂತ್ರದ ಬೆಲ್ಟ್ ಕಿತ್ತು ಬಾವಿಗೆ ಎಸೆದ. ಪ್ರತಿವರ್ಷ ತಿಥಿ ಹತ್ರ ಬಂದ್ರೆ ಹೊಸದು ತರಿಸೋನು. ಈ ಸಲ ಹಾಕಿ, ಅವಳ ಎದುರಿಗೇ ಹೇಳಿಬಿಡ್ತೀನಿ ಅನ್ನೋನು. ಆ ದಿನ ಬಂದ್ರೆ ಖಾನೆಗೆ ಹಾಕೋನು."

"ಮಗು ಮುಂದೆ ಅಷ್ಟು ಹೆದರಿಕೆಯಾ?"

"ನಿನ್ನ ಮುಂದೇನೇ ಹೆದರಿಕೆ."

"ಹೇಳಿದ್ರೆ ಒಂದು ದಿನ ಅಳ್ತಿದ್ದೆ. ಎರಡು ದಿನ ಅಳ್ತಿದ್ದೆ. ಮುಗೀತಿತ್ತು. ಅಮ್ಮ ಹೋದ್ಲು, ಸರಿ. ಅಪ್ಪಚ್ಚನನ್ನೂ ದ್ವೇಷ ಮಾಡಿಕೊಂಡೇ ಕಳೆದುಕೊಂಡೆನಲ್ಲ ಚೇಟ್ಟಾ. ನೀವಾದ್ರೂ ಬಾಯಿಬಿಡಬಾರದಿತ್ತಾ?"

ಗೇಟಿನ ಹತ್ತಿರ ಶಿಲುಬೆಯ ಹಿಂದೆ ಪಾದ್ರಿಯ ಬಿಳಿ ನಿಲುವಂಗಿ ಕಾಣಿಸಿತು. ಪ್ರಾರ್ಥನೆ ಬೇಗನೆ ಮುಗಿಯಿತು.

"ಮನೆಯವರು ಕೊನೆಯ ಮುತ್ತಿಡಿ," ಎಂದರು ಪಾದ್ರಿ.

ಕೊಚ್ಚೇಲಿ ಮುತ್ತಿಟ್ಟಳು. ರೋಸಿಲಿ ಬಿಸ್ಕತ್ ಡಬ್ಬಿ ಹಿಡಿದು ಮುಂದೆ ಬಂದಳು. ಬೆಲ್ಟುಗಳ ಮುದ್ದೆಯನ್ನು ಬೆರಳಿನಿಂದ ಕೆರೆದು ತೆಗೆದು, ಜಪಮಾಲೆ ಸುತ್ತಿದ ಕೈಗಳ ಕೆಳಗೆ ತುರುಕಿದಳು.

"ಕಸಬಿನ ಸಾಮಾನು ಜೊತೆಗೇ ಕಳಿಸ್ತಿದ್ದಾಳೆ," ಎಂದು ಕೊಚ್ಚೇಲಿ ಪಕ್ಕದವಳಿಗೆ ಹೇಳಿ ಬಿಕ್ಕಿದಳು. "ಮಗಳು ಅಂದ್ರೆ ಹೀಗಿರಬೇಕು. ಮುತ್ತಿಡು ಮಗಳೇ, ಹೊತ್ತಾಯ್ತು."

ಯಾರೋ ಗುಂಡಿ ಒತ್ತಿರಬೇಕು. ಬಲಗಡೆಯಿಂದ ಪೊರಿಂಜು ಮತ್ತೆ, ಕೇಳ್ತಾ ಇದೆಯೇನೋ, ಎಂದ.

ರೋಸಿಲಿ ಬಾಗಲಿಲ್ಲ. ಬೆರಳಿಗೆ ಅಂಟಿದ ಕಪ್ಪನ್ನು ಬಿಳಿ ಸೀರೆಯ ಸೆರಗಿಗೆ ಒರೆಸಿದಳು, ಅದು ಹೋಗಲಿಲ್ಲ, ಮತ್ತೂ ಒರೆಸಿದಳು, ಸೆರಗಿನ ತುಂಬ ಹರಡಿತು.