ತ್ರಾಪಿಜ್ಯದಲ್ಲಿ ಮೂರೆಲ್ಲಿದೆ?

ನಾನು ಮರದ ಒಂದು ತ್ರಾಪಿಜ್ಯ. ನಾಲ್ಕು ಬಾಹು, ಅದರಲ್ಲಿ ಎರಡು ಮಾತ್ರ ಸಮಾಂತರ. ಅರಸೀಕೆರೆ ಕಡೆಯ ಬಡಗಿ ನಂಜಾಚಾರ್ರು ಹಲಸಿನ ಹಲಗೆಯಿಂದ ನನ್ನನ್ನು ಕೊಯ್ದು, ಉಜ್ಜಿ, ಒಂದು ಹೈಸ್ಕೂಲಿಗೆ ಕೊಟ್ಟರು. ಜೊತೆಗೆ ಬಂದ ಚೌಕ, ವೃತ್ತಗಳಿಗೆ ಸಲೀಸಾದ ಹೆಸರು. ನನ್ನದು ಮಾತ್ರ ನಾಲಿಗೆ ತೊಡರುವ ಹೆಸರು.

ಗಣಿತದ ಚನ್ನವೀರಯ್ಯ ಮೇಷ್ಟ್ರು ವರ್ಷಕ್ಕೊಮ್ಮೆ ನನ್ನನ್ನು ಎತ್ತಿ ಹಿಡಿಯುತ್ತಿದ್ದರು. 'ತ್ರಾ' ಎಂದರೆ ತ್ರಿ, 'ಜ್ಯಾ' ಎಂದರೆ ಬಿಲ್ಲಿನ ಹೆದೆ, ಇದು ಅಪ್ಪಟ ಸಂಸ್ಕೃತ ಎಂದು ಮೀಸೆ ತಿರುವುತ್ತಿದ್ದರು. ನಾನೂ ನಂಬಿದ್ದೆ. ನನಗೆಲ್ಲೋ ಒಂದು ಬಾಹು ಹೆಚ್ಚಾಗಿದೆ ಎಂದು ನಾಚುತ್ತಿದ್ದೆ.

ಎಂಟನೇ ಕ್ಲಾಸಿನ ಪುಟ್ಟಗೌರಿ ಒಂದು ದಿನ ಎದ್ದು ನಿಂತಳು. "ಇದ್ರಲ್ಲಿ ಮೂರೆಲ್ಲೈತೆ ಸಾರ್?"

ಕ್ಲಾಸು ಕಿಸಕ್ಕೆಂದಿತು. ಮೇಷ್ಟ್ರ ಮುಖ ಕೆಂಪಾಯಿತು. ಅಧಿಕಪ್ರಸಂಗಿ ಎಂದು ಬೈದು, ಬೆಲ್ ಹೊಡೆಯುವವರೆಗೂ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ದಿನಕ್ಕೆ ಹತ್ತು ಪ್ರಶ್ನೆ ಕೇಳುತ್ತಿದ್ದ ಹುಡುಗಿ ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಳು. ನನ್ನ ಹೆಸರಿನಿಂದ ಹೀಗಾಯಿತಲ್ಲ ಎಂದು ನನ್ನನ್ನೇ ಹಳಿದುಕೊಂಡೆ. ಮೇಷ್ಟ್ರಿಗೂ ಪಾಠ ರುಚಿಸಲಿಲ್ಲ. ಗೊತ್ತಾಯಿತೇ ಎಂದು ಅವರು ಅವಳತ್ತ ನೋಡಿದರೆ ಅವಳು ಪುಸ್ತಕ ನೋಡುತ್ತಿದ್ದಳು.

ತಿಂಗಳ ಮೇಲೆ ಅವರು ಒಂದು ಚೀಟಿ ಹಿಡಿದು ಬಂದರು. ಲೈಬ್ರರಿಯ ದಪ್ಪ ನಿಘಂಟು ತೆಗೆಸಿ ನೋಡಿದ್ದರಂತೆ.

"ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಿದ್ದೆ ಕಣಮ್ಮ ಗೌರಿ. ಇದು ಗ್ರೀಕರ ಮಾತು. ಪುಟ್ಟ ಮೇಜು ಅಂತ ಅರ್ಥ. ಆ 'ತ್ರಾ' ಇದೆಯಲ್ಲ, ಅದೂ ನಾಲ್ಕೇ, ನಾಲ್ಕು ಕಾಲು. ತಪ್ಪು ನಂದು."

ವೃತ್ತದ 'ಕೇಂದ್ರ' ಎಂಬ ಮಾತೂ ಗ್ರೀಕರಿಂದಲೇ ಬಂದದ್ದು, ಕೈವಾರ ಚುಚ್ಚುವ ಮೊನೆಯಂಥ ಮುಳ್ಳು ಎಂದು ಅದರ ಅರ್ಥ ಎಂದರು. ನಾನು ಅದನ್ನು ಅರ್ಧಂಬರ್ಧ ಕೇಳಿಸಿಕೊಂಡೆ. ನಾನು ಮೇಜು, ನನ್ನಲ್ಲಿ ಯಾವುದೂ ಹೆಚ್ಚಿಲ್ಲ ಎಂಬ ಹಿಗ್ಗು ನನಗೆ. ಆದರೆ ಗೌರಿ ತಲೆ ಎತ್ತಲಿಲ್ಲ. ಮೇಷ್ಟ್ರು ಮುಂದಿನ ಲೆಕ್ಕಕ್ಕೆ ಹೋಗದೆ ಕಾದು ನಿಂತರು.

ಈಗ ಪ್ಲಾಸ್ಟಿಕ್ ಆಕಾರಗಳು ಬಂದಿವೆ. ಮೂಲೆ ಮುಕ್ಕಾದ ನಾನು ಬೀರುವಿನ ತಳದಲ್ಲಿದ್ದೇನೆ. ಮೇಷ್ಟ್ರು ನಿವೃತ್ತರಾದರು, ಗೌರಿ ಯಾವೂರಲ್ಲಿದ್ದಾಳೋ ತಿಳಿಯದು. ಬೇಸರವಾದಾಗಲೆಲ್ಲ ಆ ದಿನವನ್ನೇ ನೆನೆಯುತ್ತೇನೆ. ಎಷ್ಟೋ ಹೊತ್ತಿನ ಮೇಲೆ ಅವಳು ಮೆಲ್ಲಗೆ ಎದ್ದಿದ್ದಳು.

"ಆ ಮೇಜಿನ ಮೇಲೆ ಅವ್ರು ಏನು ಉಣ್ತಿದ್ರು ಸಾರ್?"

"ಗೊತ್ತಿಲ್ಲ ಕಣಮ್ಮ," ಎಂದರು ಮೇಷ್ಟ್ರು. ಅಷ್ಟು ಸಂತೋಷದಿಂದ ಗೊತ್ತಿಲ್ಲ ಎಂದ ಇನ್ನೊಬ್ಬರನ್ನು ನಾನು ಕಂಡಿಲ್ಲ.