ಜಟ್ಟಿಂಗಪ್ಪಣ್ಣನ ಮನೆಗೆ ಹೋಗಬೇಕು

ಅಯ್ಯೋ, ಮುಗಿದೇ ಹೋಯ್ತಲ್ಲ, ಸೇತುವೆ ಇಷ್ಟು ಬೇಗ ಮುಗಿದ್ರೆ ಹೆಂಗೆ, ಕುಮುದಾ ಜಟ್ಟಿಂಗಪ್ಪಣ್ಣನಿಗೆ ಹೇಳಬೇಕಾದ ಮೊದಲನೇ ಮಾತನ್ನೇ ಇನ್ನೂ ಹೊಂದಿಸಿಕೊಂಡಿರಲಿಲ್ಲ, ಬಸ್ಸಿನ ಕಿಟಕಿಯಲ್ಲಿ ಕೇಬಲ್ಲುಗಳು ಒಂದರ ಹಿಂದೆ ಒಂದು ಓಡಿದವು, ಕೆಳಗೆ ಹಿನ್ನೀರು ಬಿಸಿಲಿಗೆ ಕಣ್ಣು ಕುಕ್ಕಿತು, ಅಷ್ಟೇ, ಆಚೆ ದಡ ಬಂದೇಬಿಟ್ಟಿತು — ಲಾಂಚಾಗಿದ್ದರೆ ಸರದಿಗೆ ನಿಂತು, ಮಂಡಕ್ಕಿ ತಿಂದು, ನೀರಿನ ಮೇಲೆ ನಿಧಾನಕ್ಕೆ ತೇಲಿಕೊಂಡು ಹೋಗುವಷ್ಟರಲ್ಲಿ ಮನಸ್ಸು ಬದಲಾಯಿಸೋಕೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು, ಇವತ್ತು ಬೇಡ, ಮುಂದಿನ ಸಲ ನೋಡೋಣ ಅಂತ ಹಾಗೇ ಸಾಗರದ ಬಸ್ಸು ಹತ್ತಿಬಿಡಬಹುದಿತ್ತು, ಎಷ್ಟು ಸಲ ಹಾಗೆ ಮಾಡಿಲ್ಲ ಅವಳು. ಹೊಳೆಬಾಗ್ಲು ಯಾರ್ರೀ, ಇಳೀರಿ ಬೇಗ, ಕಂಡಕ್ಟರ್ ಬಾಗಿಲು ಬಡಿದ, ವಿನಯಾ ಆಗಲೇ ಜಿಗಿದು ಇಳಿದಾಯ್ತು, ಏಳನೇ ಕ್ಲಾಸಿನ ಹುಡುಗಿ, ನಿಂತಲ್ಲಿ ನಿಲ್ಲೋಳಲ್ಲ, ಅಮ್ಮಾ ನಾನು ಹುಟ್ಟಿದ ಲಾಂಚು ನೋಡ್ಕೊಂಡು ಬರ್ತೀನಿ, ನೀನು ಹೋಗಿರು, ಅಲ್ಲಿ ಕಾಣ್ತಿರೋ ಹೆಂಚಿನ ಮನೆ ತಾನೆ — ಅಂದವಳೇ ನೀರಿನ ಕಡೆ ಓಡಿದಳು, ಬಿದ್ದೀಯೆ, ಹುಷಾರು, ಅಂತ ಕುಮುದಾ ಕೂಗಿದ್ದು ಮಗಳ ಕಿವಿಗೆ ಬಿತ್ತೋ ಇಲ್ವೋ.

ಹೌದು, ಲಾಂಚಲ್ಲೇ ಹುಟ್ಟಿದ್ದು ಅದು, ದಿನ ತುಂಬುವ ಮೊದಲೇ ಬೇನೆ ಶುರುವಾಗಿತ್ತು, ಬ್ಯಾಕೋಡಿನ ತವರಿಂದ ಜೀಪಿನಲ್ಲಿ ದಡಕ್ಕೆ ಬರೋ ಹೊತ್ತಿಗೆ ಕೊನೇ ಟ್ರಿಪ್ಪು ಮುಗಿದು ಲಾಂಚಿಗೆ ಹಗ್ಗ ಬಿಗಿದಾಗಿತ್ತು, ಅವ್ವ ಹೂವಮ್ಮ ಕಂಡಕಂಡ ದೇವರನ್ನೆಲ್ಲ ಕರೀತಿದ್ದಳು, ಗಂಡ ದುರ್ಗೇಶ್ ಕೈಕಾಲು ಆಡದೆ ನಿಂತಿದ್ದ, ಆಗ ಲಾಂಚಿನ ಡ್ರೈವರ್ ಜಟ್ಟಿಂಗಪ್ಪಣ್ಣ, ಊಟದ ಡಬ್ಬಿ ತೊಳೀತಿದ್ದವನು, ಒಂದು ಮಾತೂ ಕೇಳಲಿಲ್ಲ, ಡಬ್ಬಿ ಅಲ್ಲೇ ಬಿಸಾಕಿ ಹಗ್ಗ ಬಿಚ್ಚಿದ, ಹತ್ಸಿ, ಜೀಪು ಹತ್ಸಿ, ಯಾರೇನಂತಾರೋ ನಾನು ನೋಡ್ಕಳ್ತೀನಿ — ನಡುನೀರಲ್ಲಿ ಮಗು ಬಂತು, ಮೈ ನೀಲಿ ತಿರುಗಿತ್ತು, ಅಳಲಿಲ್ಲ, ಅವನು ಹೆಗಲಿನ ಟವೆಲ್ ತೆಗೆದು ಅವ್ವನ ಕೈಗೆ ಕೊಟ್ಟ, ಸುತ್ತಮ್ಮ, ಬೆಚ್ಚಗೆ ಸುತ್ತು, ಅಂದ, ಮುಖ ಆಚೆ ತಿರುಗಿಸಿ ಇನ್ನೂ ಜೋರಾಗಿ ಓಡಿಸಿದ, ದಡ ಬಂತು, ಜೀಪು ಹಾರಿತು, ಆವಿನಹಳ್ಳಿ ದಾಟಿದ ಮೇಲೆ ಆ ಟವೆಲ್ಲಿನೊಳಗಿಂದ ಕೀರಲು ಅಳು, ಅಬ್ಬಾ ಎಂಥಾ ಅಳು ಅದು, ಜೀಪಿನಲ್ಲಿದ್ದವರೆಲ್ಲ ಅತ್ತರು, ನಕ್ಕರು, ಮತ್ತೆ ಅತ್ತರು. ಈಗಲೂ ಮಗಳು ಮನೇಲಿ ರಂಪ ಮಾಡಿದಾಗ ಬೈಯೋಕೆ ಬಾಯಿ ತೆರೆದ ಕುಮುದಾ ಅರ್ಧಕ್ಕೇ ಸುಮ್ಮನಾಗ್ತಾಳೆ, ಕೂಗಲಿ ಬಿಡು, ಕೂಗ್ತಾಳಲ್ಲ, ಅದೇ ದೊಡ್ಡದು.

ಹೋಗಿ ಒಂದು ಮಾತು ಹೇಳಿ ಬರಬೇಕು ಅಂತ ಆಸ್ಪತ್ರೆ ಮಂಚದ ಮೇಲೇ ಅಂದುಕೊಂಡಿದ್ದಳು, ಆಗ ಒಂದು ತೆಂಗಿನಕಾಯಿ ಸಾಕಿತ್ತು, ಬಾಣಂತನ ಮುಗೀಲಿ ಅಂದಳು, ನಾಮಕರಣ ಆಗಲಿ ಅಂದಳು, ಆಮೇಲೆ ಇಷ್ಟು ತಡವಾಗಿ ಬರೀ ಕಾಯಿ ಹಿಡ್ಕೊಂಡು ಹೋಗೋಕಾಗತ್ತಾ, ಪಂಚೆ ಶರ್ಟು ಬೇಕು, ಅವನ ಹೆಂಡತಿ ಕನ್ನಮ್ಮಕ್ಕನಿಗೆ ಸೀರೆ ಬೇಕು, ಇಬ್ಬರನ್ನೂ ನಿಟ್ಟೂರಿನ ತನ್ನ ಮನೆಗೆ ಕರೆದು ಊಟ ಹಾಕಬೇಕು, ವರ್ಷ ಕಳೆದ ಹಾಗೆ ಆ ಕೆಲಸ ನೆನೆಹಾಕಿದ ಕಡಲೆ ಥರ ಊದುತ್ತಾ ಹೋಯಿತು — ಸೋಮಾರಿಯಾ ಅವಳು, ಛೇ, ಡೈರಿಗೆ ಹಾಲು ಹಾಕೋದು ಒಂದು ದಿನ ತಪ್ಪಿಸಿದವಳಲ್ಲ, ಮಾವಿನ ಮಿಡಿ ಮನೆಗೆ ಬಂದ ದಿನವೇ ಉಪ್ಪಿಗೆ ಬೀಳಬೇಕು ಅವಳಿಗೆ, ಆದರೆ ಮಗಳನ್ನೇ ಉಳಿಸಿಕೊಟ್ಟವನಿಗೆ ಏನು ಕೊಟ್ಟರೆ ಸಮ, ಕೊಟ್ಟಿದ್ದು ಕಡಿಮೆಯಾದೀತು ಅನ್ನೋ ಹೆದರಿಕೆ, ಅದರ ಮೇಲೆ ನಾಚಿಕೆ, ಆ ಹೆದರಿಕೆಗೇ ನಾಳೆ ಅಂತ ಹೆಸರಿಟ್ಟುಕೊಂಡು ಕೂತಳು, ಮಗಳ ಜೊತೆ ಸಾಗರಕ್ಕೆ ಹೋಗೋದಾದರೆ ಲಾಂಚು ಬಿಟ್ಟು ಹೊಸನಗರದ ಮೇಲೆ ಸುತ್ತಿಕೊಂಡು ಹೋದಳು, ಒಬ್ಬಳೇ ಲಾಂಚು ಹತ್ತಿದಾಗ ತಲೆ ಮೇಲೆ ಸೆರಗೆಳೆದು ಮೂಲೆ ಹಿಡಿದಳು. ಇವತ್ತು ಬೆಳಿಗ್ಗೆ ತವರಲ್ಲಿ ಅವ್ವ ಅಂದಳು, ಸೇತುವೆ ಆತಲ್ಲ, ಜಟ್ಟಿಂಗಪ್ಪ ಕೆಲ್ಸ ಬಿಟ್ನಂತೆ, ತೀರ್ಥಹಳ್ಳಿ ಮಗಳ ಮನೆಗೆ ಹೊರಟಾನಂತೆ, ಇವತ್ತೇ ಅಂತೆ — ಇವತ್ತೇನಾ, ಪಂಚೆ ತಂದಿಲ್ಲವಲ್ಲ ಅವ್ವ, ಸೀರೆ — ಪಂಚೆಗಿಷ್ಟು ಬೆಂಕಿ ಹಾಕು, ಮೊದ್ಲು ಚಪ್ಪಲಿ ಮೆಟ್ಟು, ಉಳಿದಿದ್ದು ದಾರೀಲಿ ಯೋಚ್ನೆ ಮಾಡು. ಮೆಟ್ಟಿದಳು, ಅಷ್ಟೇ, ಆಮೇಲೆ ಕಾಲು ತಾನಾಗೇ ನಡೆಯಿತು, ಅವ್ವ, ನಿನ್ನ ಹೊಟ್ಟೆ ತಣ್ಣಗಿರ್ಲಿ, ಇಷ್ಟೇನಾ ಇದ್ದಿದ್ದು ಇದು.

ಅಂಗಳದಲ್ಲಿ ಪಿಕಪ್ ಗಾಡಿ, ಮಂಚ, ಪಾತ್ರೆ ತುಂಬಿದ ಚೀಲಗಳು, ಜಟ್ಟಿಂಗಪ್ಪಣ್ಣ ಒಂದು ಗಂಟಿಗೆ ಹಗ್ಗ ಬಿಗೀತಿದಾನೆ, ತಲೆ ಪೂರ್ತಿ ಬೆಳ್ಳಗಾಗಿದೆ, ಯಾರು, ಓ, ಬಾ ತಂಗಿ, ಅಂದವನ ಕಣ್ಣು ಗುರುತು ಹಿಡಿದು, ಅವಳ ಮುಖದಿಂದ ಪಕ್ಕಕ್ಕೆ ಹೋಯಿತು, ಯಾರೂ ಇಲ್ಲದ ಪಕ್ಕಕ್ಕೆ, ಮತ್ತೆ ಹಗ್ಗಕ್ಕೆ ಇಳಿಯಿತು — ಇದೇ ನೋಟ, ಲಾಂಚಿನಲ್ಲೂ ಇದೇ, ಅವಳು ಹತ್ತಿದಾಗೆಲ್ಲ ಹೀಗೇ ಪಕ್ಕಕ್ಕೆ ನೋಡಿ ಮುಖ ತಿರುಗಿಸ್ತಿದ್ದ, ಸಿಟ್ಟು, ಇಲ್ಲದೆ ಇರತ್ತಾ, ಇರಲಿ, ಬೈಸಿಕೊಂಡೇ ಹೋಗೋಣ, ಕನ್ನಮ್ಮಕ್ಕ ನೀರು ಬೆಲ್ಲ ತಂದಿಟ್ಟರು, ಬೆಲ್ಲ ಬಾಯಿಗೆ ಹಾಕಿಕೊಂಡಳು, ಅಣ್ಣಾ, ನಾನು ಬರೀ ಕೈಯಲ್ಲಿ ಬಂದಿದೀನಿ, ಅವತ್ತು ನೀವು ಮಾಡಿದ ಉಪಕಾರ — ಬಿಡು ತಂಗಿ, ಉಪಕಾರ ಎಂತದು, ಅವನು ಹಗ್ಗ ಇನ್ನೂ ಬಿಗಿಯಾಗಿ ಎಳೆದ, ಇನ್ನೊಂಚೂರು ಜೋರಾಗಿ ಓಡಿಸ್ಬೋದಿತ್ತೇನೋ ನಾನು, ನಿನ್ನ ಹತ್ರ ಕೇಳನ ಅನ್ಕಂಡೆ, ನಾಳೆ ಕೇಳನ, ನಾಳೆ ಕೇಳನ, ಧೈರ್ಯ ಬರ್ಲಿಲ್ಲ, ಬ್ಯಾರೆಯವರನ್ನ ಕೇಳಕ್ಕೂ ಹೆದ್ರಿಕೆ, ನೋಡಿದಾಗೆಲ್ಲ ಒಬ್ಳೇ ಇರ್ತಿದ್ದೆ, ಸಂಕಟ ಯಾಕೆ ಕೆದಕದು ಅಂತ ಸುಮ್ನಾದೆ, ಆಮೇಲೆ ಮಕ್ಳಾದ್ವಾ ನಿಂಗೆ — ಏನಂತಿದಾನೆ ಈ ಮನುಷ್ಯ, ಅಳು ಕೇಳಿದ್ದು ಜೀಪಿನವರು, ಇವನು ಕೇಳಿಲ್ಲ, ಇವನು ಕಂಡಿದ್ದು ಅಳದ ಮಗು, ಅಷ್ಟೇ, ಹಂಗಾದ್ರೆ ಸಿಟ್ಟಲ್ಲ ಅದು, ಹುಡುಕಿದ್ದು, ಪ್ರತಿ ಸಲ ಅವಳ ಪಕ್ಕದಲ್ಲಿ ಮಗುವನ್ನ ಹುಡುಕಿದ್ದು, ಇಲ್ಲ ಅಂತ ಮುಖ ತಿರುಗಿಸಿದ್ದು, ಅಯ್ಯೋ ದೇವರೇ, ಪಂಚೆಯಲ್ಲ, ಕಾಯಿಯೂ ಅಲ್ಲ, ಒಂದೇ ಒಂದು ಸಲ ಎತ್ತಿ ತೋರಿಸಿದ್ದರೆ ಆಗುತ್ತಿತ್ತಲ್ಲ — ವಿನಯಾ, ಏ ವಿನಯಾ, ಓಡಿ ಬಾರೇ, ಗಂಟಲು ಹರಿಯೋ ಹಾಗೆ ಕೂಗಿದಳು, ಬಂದೇ ಅಮ್ಮಾ, ಯಾಕೆ ಹಿಂಗೆ ಕಿರುಚ್ತೀಯಾ, ಕಾಲಿಗೆಲ್ಲ ಕೆಸರು ಮೆತ್ತಿಕೊಂಡು ಏದುಸಿರು ಬಿಡುತ್ತಾ ಹುಡುಗಿ ಬಂದು ನಿಂತಳು, ಇವಳೇ ಅಣ್ಣಾ, ಇವಳೇ, ಇಷ್ಟೇ ಹೇಳೋಕಾಗಿದ್ದು, ಅವನ ಕೈಯಿಂದ ಹಗ್ಗ ಜಾರಿತು, ಅವನ ಕಣ್ಣು ಅವಳ ಮುಖದಿಂದ ಪಕ್ಕಕ್ಕೆ ಹೋಯಿತು, ಅಲ್ಲೇ ನಿಂತಿತು.